ಬೇಟೆಯ ಹುಸಿಹಕ್ಕಿಗಳು

ಮನುಷ್ಯನು ಮಾಡಿಕೊಂಡಿರುವ ಸಾಮಾನುಗಳಲ್ಲಿ ಬಹುಪಾಲು ಮನುಷ್ಯನ ಕಣ್ಣಿಗೆ ಒಪ್ಪಬೇಕೆಂದು ಮಾಡಿದವು. ಹಕ್ಕಿಯ ಕಣ್ಣಿಗೆ ಒಪ್ಪಬೇಕೆಂದು ಮಾಡಿದ ಸಾಮಾನು ಬಹು ವಿರಳ. ಅಂಥದೊಂದರ ವಿಷಯವಾಗಿ ಈ ಹೊತ್ತು ಶ್ರೋತೃಗಳ ಮುಂದೆ ನಾಲ್ಕು ಮಾತುಗಳನ್ನಿಡಬೇಕೆಂಬುದು ನಮ್ಮ ಉದ್ದೇಶ. ಅದು ಬೇಟೆಗಾರನು ಜಲಾಶಯದಲ್ಲಿ ತೇಲಬಿಡುತ್ತಿದ್ದ ಮರದ ಬಾತು. ಇಂಗ್ಲಿಷಿನಲ್ಲಿ ಅದಕ್ಕೆ ಡಿಕಾಯ್ ಎಂದು ಹೆಸರು; ನಾವು ಹುಸಿಹಕ್ಕಿ ಎನ್ನೋಣ.

ಈ ಕಲ್ಪನೆ ನಮಗೆ ತೀರ ಹೊಸದೇನಲ್ಲ. ಪಳಗಿಸಿದ ಮೃಗವನ್ನು ಮುಂದೊಡ್ಡಿ ಕಾಡಿನ ಮೃಗವನ್ನು ಬಳಿಗೆ ಸೆಳೆಯುವ ಉಪಾಯವು ನಮ್ಮ ಪೂರ್ವಿಕರಿಗೆ ತಿಳಿದಿತ್ತು. ಅಂಥ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರೇ ಉಂಟು. ಆದರೆ ಜೀವವಿರುವ ದೀವದ ಬದಲು ಮರದ ಪ್ರತಿಮೆಯನ್ನು ಯಂತ್ರದಲ್ಲಿ ಕಡೆದು, ಬಣ್ಣ ಬಳಿದು, ಡಜನುಗಟ್ಟಲೆ ಪೆಟ್ಟಿಗೆಗೆ ತುಂಬಿ ಮಾರಿದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕ. ಅಂದು ಕೆಲವು ಕಾಸಿಗೆ ದೊರೆಯುತ್ತಿದ್ದ ಆ ಸರಕನ್ನು ಇಂದು ವಿದ್ವಾಂಸರು ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ವಸ್ತುಸಂಗ್ರಹಾಲಯಗಳು ಗಾಜಿನ ಬೀರುವಿನಲ್ಲಿಟ್ಟು ಕಾಯುತ್ತವೆ. ಹೀಗಾದದ್ದು ಹೇಗೆ, ಈ ಪರೀಕ್ಷೆಯಿಂದ ನಮಗೆ ತಿಳಿಯುವುದೇನು ಎಂಬುದನ್ನು ನೋಡೋಣ.

ಮೊದಲು ಮೋಸದ ಮೂಲವನ್ನು ತಿಳಿಯಬೇಕು. ಬಾತು ಸಂಘಜೀವಿ. ಆಕಾಶದಲ್ಲಿ ದೂರದಿಂದ ದಣಿದು ಬಂದ ಗುಂಪು ಯಾವ ನೀರಿಗೆ ಇಳಿಯಬೇಕೆಂದು ಹೇಗೆ ನಿಶ್ಚಯಿಸುತ್ತದೆ? ತನ್ನ ಜಾತಿಯ ಹಕ್ಕಿಗಳು ಎಲ್ಲಿ ನೆಮ್ಮದಿಯಾಗಿ ತೇಲುತ್ತಿವೆಯೋ ಅಲ್ಲಿ ಮೇವುಂಟು, ಭಯವಿಲ್ಲ ಎಂದು ಅದು ಗ್ರಹಿಸುತ್ತದೆ. ಹುಸಿಹಕ್ಕಿ ಆ ನಂಬಿಕೆಯನ್ನೇ ಹಿಡಿದು ಎಳೆಯುತ್ತದೆ. ಆದುದರಿಂದ ಅದರ ಕತ್ತಿನ ನಿಲುವು ಮುಖ್ಯ. ತಲೆಯೆತ್ತಿ ನಿಂತ ಬಾತು ಅಪಾಯವನ್ನು ಸೂಚಿಸುತ್ತದೆ. ಕತ್ತನ್ನು ತಗ್ಗಿಸಿಕೊಂಡ ಬಾತು ವಿಶ್ರಾಂತಿಯನ್ನು ಸೂಚಿಸುತ್ತದೆ. ಹಕ್ಕಿಗಳು ಗಾಳಿಗೆದುರಾಗಿ ಇಳಿಯುವುವೆಂದು ಬಲ್ಲ ಬೇಟೆಗಾರನು ಮರದ ಬಾತುಗಳ ಗುಂಪಿನ ನಡುವೆ ಅದಕ್ಕೆ ತಕ್ಕಂತೆ ತೆರಪು ಬಿಡುತ್ತಿದ್ದನು. ಪ್ರತಿಯೊಂದರ ತಳಕ್ಕೂ ಸೀಸದ ತೂಕವಿರುತ್ತಿತ್ತು. ಅಲೆ ಬಡಿದರೂ ಹುಸಿಹಕ್ಕಿ ಮಗುಚಿಕೊಳ್ಳಬಾರದು. ಎದೆಯ ಕೆಳಗೆ ಹುರಿ, ಹುರಿಯ ತುದಿಗೆ ಲಂಗರಿನ ಗುಂಡು. ಇಷ್ಟನ್ನು ಅಣಿಮಾಡಿ ಆತನು ಜೊಂಡಿನ ಮರೆಯಲ್ಲಿ ಕೋವಿ ಹಿಡಿದು ಕುಳಿತಿರುತ್ತಿದ್ದನು.

ಈ ವಿದ್ಯೆಯನ್ನು ಯೂರೋಪಿನ ವಲಸೆಗಾರರು ಅಮೆರಿಕಕ್ಕೆ ಕೊಂಡೊಯ್ದರೆಂದು ತಿಳಿಯಬಾರದು. ೧೯೨೪ರಲ್ಲಿ ನೆವಾಡ ಸಂಸ್ಥಾನದ ಲವ್‌ಲಾಕ್ ಎಂಬ ಗುಹೆಯನ್ನು ಅಗೆದ ಪುರಾತತ್ತ್ವಜ್ಞರಿಗೆ ಜೊಂಡಿನ ಬುಟ್ಟಿಯೊಳಗೆ ಜೋಪಾನವಾಗಿ ಅಡಗಿಸಿಟ್ಟಿದ್ದ ೧೧ ಹುಸಿಬಾತುಗಳು ದೊರೆತವು. ಜೊಂಡನ್ನೇ ಮಡಿಸಿ ಬಿಗಿದು ಮೈ ಮಾಡಿ, ಬಣ್ಣವಿಟ್ಟು, ಗರಿ ಸಿಕ್ಕಿಸಿದ್ದರು. ಅವುಗಳ ವಯಸ್ಸು ಸುಮಾರು ೨೦೦೦ ವರ್ಷವೆಂದು ನಿರ್ಣಯವಾಗಿದೆ. ಮುಂದಿನ ಋತುವಿಗೆ ಬೇಕೆಂದು ಎತ್ತಿಟ್ಟವನು ಮರಳಿ ಬರಲಿಲ್ಲ. ಅವನ ಕೈಕೆಲಸ ಮಾತ್ರ ಉಳಿಯಿತು. ಆ ನೆಲದ ಮೂಲನಿವಾಸಿಗಳಿಂದ ಈ ಉಪಾಯವನ್ನು ಕಲಿತ ಬಿಳಿಯ ವಲಸೆಗಾರರು ಜೊಂಡಿನ ಬದಲು ಗಟ್ಟಿಯಾದ ಮರವನ್ನು ಹಿಡಿದರು. ಪೂರ್ವತೀರದ ಹಳ್ಳಿಗಳಲ್ಲಿ ಸಿಡಾರ್ ಮರವನ್ನೋ ಪೈನ್ ಮರವನ್ನೋ ಕೊಡಲಿಯಿಂದ ಕೆತ್ತಿ, ಚಾಕುವಿನಿಂದ ನಯಮಾಡಿ, ಮನೆಯಲ್ಲಿ ಉಳಿದ ಬಣ್ಣವನ್ನು ಬಳಿದು ಪ್ರತಿಯೊಬ್ಬ ಬೇಟೆಗಾರನೂ ತನ್ನ ಬಾತುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದನು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸ್ಥಿತಿ ಬದಲಾಯಿತು. ರೈಲುದಾರಿಗಳು ಹಬ್ಬಿದವು. ಮಂಜುಗಡ್ಡೆಯಲ್ಲಿಟ್ಟ ಮಾಂಸವು ನೂರಾರು ಮೈಲಿಯಾಚೆಯ ಪಟ್ಟಣಕ್ಕೂ ಕೆಡದೆ ತಲುಪತೊಡಗಿತು. ಹಿಂಬದಿಯಿಂದ ತೋಟಾ ತುಂಬುವ ಕೋವಿ ಬಂದು, ಒಬ್ಬನು ಒಂದು ದಿನದಲ್ಲಿ ಹೊಡೆಯಬಹುದಾದ ಹಕ್ಕಿಗಳ ಸಂಖ್ಯೆ ಹಲವು ಮಡಿ ಹೆಚ್ಚಿತು. ದೊಡ್ಡ ಪಟ್ಟಣಗಳ ಭೋಜನಶಾಲೆಗಳಲ್ಲಿ ಕ್ಯಾನ್ವಾಸ್‌ಬ್ಯಾಕ್ ಎಂಬ ಬಾತಿನ ಮಾಂಸಕ್ಕೆ ಬಹಳ ಬೇಡಿಕೆಯಿತ್ತು. ಪೇಟೆಗಾಗಿ ಬೇಟೆಯಾಡುವುದೇ ಒಂದು ವೃತ್ತಿಯಾಯಿತು. ಅಂಥವನಿಗೆ ನೂರಾರು ಹುಸಿಹಕ್ಕಿಗಳು ಬೇಕು. ಪಟ್ಟಣದಿಂದ ವಾರಾಂತ್ಯಕ್ಕೆ ಬೇಟೆಗೆ ಹೋಗುವ ವಕೀಲನಿಗೂ ವರ್ತಕನಿಗೂ ಹತ್ತಿಪ್ಪತ್ತಾದರೂ ಬೇಕು. ಕೆತ್ತಿಕೊಳ್ಳಲು ಅವರಿಗೆ ಪುರುಸೊತ್ತೂ ಇಲ್ಲ, ಕೈಯೂ ಸಾಗದು. ಕಾರ್ಖಾನೆ ಹುಟ್ಟಿದ್ದು ಈ ಅಗತ್ಯದಿಂದ.

ಇಲ್ಲಿ ಯಂತ್ರದ ವಿಷಯವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಕಡಚಲು ಯಂತ್ರದಲ್ಲಿ ಮಾಡುವುದನ್ನು ಕೇಳುಗರಲ್ಲಿ ಅನೇಕರು ನೋಡಿರಬಹುದು. ಮರದ ತುಂಡು ತಿರುಗುತ್ತಿರುತ್ತದೆ. ಉಳಿಯನ್ನು ಒತ್ತಿ ಹಿಡಿದರೆ ಅದು ಗುಂಡಗೆ ಕಡೆಯಲ್ಪಡುತ್ತದೆ. ಈ ಬಗೆಯಲ್ಲಿ ಬುಗುರಿಯನ್ನು ಕಡೆಯಬಹುದು, ಗಿಲಕಿಯನ್ನು ಕಡೆಯಬಹುದು. ಆದರೆ ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು, ಹಿಂದೆ ಕಿರಿದು, ಮುಂದೆ ಅಗಲವಾದ ಬಾತಿನ ಮೈಯನ್ನು ಕಡೆಯಲಾಗದು. ಈ ತೊಡಕನ್ನು ಪರಿಹರಿಸಿದವನು ಥಾಮಸ್ ಬ್ಲಾಂಚರ್ಡ್ ಎಂಬ ಅಮೆರಿಕದ ಯಂತ್ರಶಿಲ್ಪಿ. ೧೮೧೯ರಲ್ಲಿ ಅವನು ಹಕ್ಕುಪತ್ರ ಪಡೆದ ಯಂತ್ರದಲ್ಲಿ ಒಂದು ಮಾದರಿಯೂ ಒಂದು ಮರದ ತುಂಡೂ ಒಟ್ಟಿಗೆ ತಿರುಗುತ್ತವೆ. ಒಂದು ಚಕ್ರವು ಮಾದರಿಯ ಮೈಯನ್ನು ಸವರುತ್ತ ಅದರ ಉಬ್ಬುತಗ್ಗುಗಳಿಗನುಸಾರವಾಗಿ ಹಿಂದೆ ಮುಂದೆ ಸರಿಯುತ್ತದೆ. ಅದರೊಡನೆ ಸರಿಯುವ ಕತ್ತರಿಚಕ್ರವು ಅದೇ ಆಕಾರವನ್ನು ಮರದಲ್ಲಿ ಕೊರೆಯುತ್ತದೆ. ಅವನು ಈ ಯಂತ್ರವನ್ನು ರಚಿಸಿದ್ದು ಬಂದೂಕಿನ ಮರದ ಹಿಡಿಗಾಗಿ. ಮುಂದೆ ಅದೇ ತತ್ತ್ವದಿಂದ ಬಾತಿನ ಮೈ ತಯಾರಾಯಿತು. ಕೊಲ್ಲುವ ಕೋವಿಯ ಹಿಡಿಯೂ ಅದರ ಮುಂದಕ್ಕೆ ಹಕ್ಕಿಯನ್ನು ಕರೆತರುವ ಮರದ ಬಾತೂ ಹೀಗೆ ಒಂದೇ ಯಂತ್ರವಂಶದ ಕೂಸುಗಳು.

ಈ ಉದ್ಯಮದ ದೊಡ್ಡ ಕೇಂದ್ರ ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರ. ಅಲ್ಲಿ ಮೊದಲು ಪೀಟರ್ಸನ್, ಅನಂತರ ಡಾಡ್ಜ್ ಎಂಬವರು ಹುಸಿಹಕ್ಕಿಗಳನ್ನು ತಯಾರಿಸಿದರು. ಆದರೆ ಎಲ್ಲರಿಗಿಂತ ಹೆಸರಾದದ್ದು ೧೮೯೬ರಿಂದ ೧೯೨೪ರವರೆಗೆ ನಡೆದ ಮೇಸನ್ ಕಾರ್ಖಾನೆ. ಅದರ ಬೆಲೆಪಟ್ಟಿಯಲ್ಲಿ ಜಾತಿಗಳ ಕ್ರಮವಿದ್ದಂತೆ ದರ್ಜೆಗಳ ಕ್ರಮವೂ ಇತ್ತು. ‘ಪ್ರೀಮಿಯರ್’ ಎಂಬುದು ಮೊದಲನೆಯ ದರ್ಜೆ. ಅದರ ಮೈಯನ್ನು ಎರಡು ಹೋಳಾಗಿ ಮಾಡಿ, ಒಳಗೆ ಪೊಳ್ಳು ಕೊರೆದು ಜೋಡಿಸುತ್ತಿದ್ದರು. ಆದುದರಿಂದ ಹೊರಲು ಹಗುರ. ‘ಚಾಲೆಂಜ್’ ಎಂಬುದು ಎರಡನೆಯದು. ಅದಕ್ಕೂ ಕೆಳಗೆ ಕಣ್ಣಿನ ಲೆಕ್ಕದಲ್ಲಿ ದರ್ಜೆ ಇಳಿಯುತ್ತ ಹೋಗುತ್ತದೆ: ಗಾಜಿನ ಕಣ್ಣು, ಅದಕ್ಕಿಂತ ಅಗ್ಗಕ್ಕೆ ಗುಂಡುತಲೆಯ ಮೊಳೆಯ ಕಣ್ಣು, ತೀರ ಅಗ್ಗಕ್ಕೆ ಬಣ್ಣದ ಚುಕ್ಕೆಯ ಕಣ್ಣು. ಬಾತು ಆಕಾಶದಿಂದ ಕಣ್ಣನ್ನು ಎಣಿಸುವುದಿಲ್ಲ. ಗಾಜಿನ ಕಣ್ಣಿಗೆ ಮರುಳಾದವನು ಹಣ ಕೊಡುವ ಗಿರಾಕಿಯೇ ಹೊರತು ಹಕ್ಕಿಯಲ್ಲ!

ಯಂತ್ರವು ಮೈಯನ್ನು ಕಡೆದರೂ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ತಲೆಯನ್ನು ಕೈಯಿಂದ ಹದಮಾಡಬೇಕು, ಕತ್ತಿನ ಸೇರುವೆಗೆ ಪುಟ್ಟಿ ತುಂಬಬೇಕು, ಬಣ್ಣವನ್ನು ಕುಂಚದಿಂದ ಹಾಕಬೇಕು. ಮೇಸನ್ ಕಾರ್ಖಾನೆಯ ಕೆಲಸಗಾರರು ಹಸಿಬಣ್ಣದಲ್ಲಿ ಕುಂಚವನ್ನು ಸುರುಳಿಯಾಗಿ ತಿರುವಿ ಗರಿಯ ಭ್ರಾಂತಿಯನ್ನುಂಟುಮಾಡುತ್ತಿದ್ದರು. ಆ ಸುರುಳಿಗಳನ್ನು ಇಂದಿಗೂ ಬೆರಳಿನಿಂದ ಸವರಿ ಗುರುತಿಸಬಹುದು. ಅವನ್ನು ಎಳೆದವರ ಹೆಸರನ್ನು ಯಾರೂ ಮರದ ಮೇಲೆ ಬರೆಯಲಿಲ್ಲ. ಆದರೆ ಒಂದೇ ಪೆಟ್ಟಿಗೆಯ ಎರಡು ಬಾತುಗಳನ್ನು ಪಕ್ಕದಲ್ಲಿಟ್ಟರೆ ಕೈಯ ಓಟ ಬೇರೆ ಬೇರೆಯೆಂದು ತಿಳಿಯುತ್ತದೆ. ಕಾರ್ಖಾನೆಯ ಸರಕೆಂದರೆ ಒಂದರಂತೆ ಇನ್ನೊಂದು ಎಂಬ ನಮ್ಮ ಸಾಮಾನ್ಯ ಭಾವನೆ ಇಲ್ಲಿ ನಿಲ್ಲುವುದಿಲ್ಲ.

ಈ ಸಮೃದ್ಧಿಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ಆಕಾಶವನ್ನು ಕವಿಯುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕುಲದ ಕೊನೆಯ ಹಕ್ಕಿ ೧೯೧೪ರ ಸೆಪ್ಟೆಂಬರ್ ೧ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತುಹೋಯಿತು. ಅವನ್ನು ಹಿಡಿಯಲು ಬಳಸಿದ್ದು ಮರದ ಹಕ್ಕಿಯನ್ನಲ್ಲ, ಕಣ್ಣು ಹೊಲಿದು ಕಟ್ಟಿಹಾಕಿದ ಜೀವಂತ ಪಾರಿವಾಳವನ್ನು. ಕಡಲಂಚಿನ ಮರಳಿನಲ್ಲಿ ಮೇಯುವ ನೀಳಕೊಕ್ಕಿನ ಹಕ್ಕಿಗಳಿಗಾಗಿ ಕೋಲಿನ ಮೇಲೆ ನಿಲ್ಲಿಸುವ ಹುಸಿಹಕ್ಕಿಗಳಿದ್ದವು. ಬಾಸ್ಟನ್ ನಗರದ ಒಂದು ಕಂಪೆನಿ ೧೮೭೪ರಲ್ಲಿ ಹಕ್ಕುಪತ್ರ ಪಡೆದು, ಎರಡು ಪದರವಾಗಿ ಮಡಚಿ ಒಂದರೊಳಗೊಂದು ಇಡಬಹುದಾದ ತಗಡಿನ ಹಕ್ಕಿಗಳನ್ನು ಮಾಡಿ ಮಾರಿತು. ಆ ಕಡಲಂಚಿನ ಹಕ್ಕಿಗಳಲ್ಲಿ ಎಸ್ಕಿಮೋ ಕರ್ಲ್ಯೂ ಎಂಬ ಜಾತಿ ಎಷ್ಟು ಕ್ಷೀಣಿಸಿತೆಂದರೆ, ೧೯೬೩ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಹೊಡೆದ ಒಂದು ಹಕ್ಕಿಯ ತರುವಾಯ ಅದರ ನಿಶ್ಚಿತವಾದ ಕುರುಹು ದೊರೆತಿಲ್ಲ.

ಶಾಸನವು ತಡವಾಗಿಯಾದರೂ ಬಂತು. ೧೯೦೦ರಲ್ಲಿ ಲೇಸಿ ಶಾಸನ, ೧೯೧೩ರಲ್ಲಿ ವಲಸೆ ಹಕ್ಕಿಗಳ ವಿಷಯದಲ್ಲಿ ಇನ್ನೊಂದು ಶಾಸನ, ೧೯೧೬ರಲ್ಲಿ ಕೆನಡಾದ ಪರವಾಗಿ ಬ್ರಿಟನ್ನಿನೊಡನೆ ಒಪ್ಪಂದ, ಅದನ್ನು ಜಾರಿಗೆ ತರಲು ೧೯೧೮ರ ಶಾಸನ. ವಲಸೆ ಹಕ್ಕಿಯನ್ನು ಕೊಂದು ಪೇಟೆಯಲ್ಲಿ ಮಾರುವುದು ನಿಂತಿತು. ೧೯೩೫ರಲ್ಲಿ ಜೀವಂತ ಬಾತುಗಳನ್ನು ಕಟ್ಟಿ ಬೇಟೆಯಾಡುವುದಕ್ಕೂ ನಿಷೇಧ ಬಂತು. ವೃತ್ತಿಬೇಟೆಗಾರನು ಹೋದ ಮೇಲೆ ನೂರಾರು ಬಾತುಗಳನ್ನು ಒಮ್ಮೆಗೇ ಕೊಳ್ಳುವ ಗಿರಾಕಿಯೂ ಹೋದನು. ಮೇಸನ್ ಕಾರ್ಖಾನೆ ೧೯೨೪ರಲ್ಲಿ ಮುಚ್ಚಿತು. ಆ ಮನೆತನದವರು ಮೋಟಾರುಗಾಡಿಗಳ ಬಣ್ಣದ ವ್ಯಾಪಾರಕ್ಕೆ ತಿರುಗಿದರು. ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ಕಿನ ಬಾತು ಬಂದು ಮರದ ಬಾತಿನ ಕಾಲವನ್ನೇ ಮುಗಿಸಿತು. ಅಟ್ಟಗಳಲ್ಲಿಯೂ ದೋಣಿಯ ಕೊಟ್ಟಿಗೆಗಳಲ್ಲಿಯೂ ಉಳಿದ ಲಕ್ಷಾಂತರ ಮರದ ಹಕ್ಕಿಗಳಲ್ಲಿ ಎಷ್ಟೋ ಒಲೆಗೆ ಹೋದವು.

ಉಳಿದವನ್ನು ಕೂಡಿಡಬೇಕೆಂದು ಮೊದಲು ಹೊರಟವರಲ್ಲಿ ಜೋಯೆಲ್ ಬಾರ್ಬರ್ ಎಂಬ ನ್ಯೂಯಾರ್ಕಿನ ವಾಸ್ತುಶಿಲ್ಪಿ ಅಗ್ರಗಣ್ಯ. ೧೯೩೪ರಲ್ಲಿ ಅವನು ಪ್ರಕಟಿಸಿದ ಗ್ರಂಥವೇ ಈ ವಿಷಯದ ಆದಿಗ್ರಂಥ. ಅವನ ಸಂಗ್ರಹ ಈಗ ವರ್ಮಾಂಟ್ ಸಂಸ್ಥಾನದ ಷೆಲ್ಬರ್ನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಮೊದಲ ತಲೆಮಾರಿನ ಸಂಗ್ರಾಹಕರ ಮನಸ್ಸು ಹಳ್ಳಿಯ ಕೈಕೆತ್ತನೆಯ ಕಡೆಗೇ ಒಲಿದಿತ್ತು. ಕಾರ್ಖಾನೆಯ ಬಾತಿಗೆ ಅವರ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಕೆತ್ತಿದವನ ಹೆಸರಿಲ್ಲ, ಸಾವಿರದಲ್ಲೊಂದು, ಅದರಲ್ಲಿ ಕಲೆಯೆಲ್ಲಿ ಎಂಬುದು ಅವರ ಆಕ್ಷೇಪ. ಈ ತಾತ್ಸಾರ ಕಳೆಯಲು ಬಹುಕಾಲ ಹಿಡಿಯಿತು. ಹೆನ್ರಿ ಫ್ಲೆಕೆನ್‌ಸ್ಟೈನ್ ಎಂಬ ಸಂಗ್ರಾಹಕನು ಅಮೆರಿಕದ ಕಾರ್ಖಾನೆಗಳ ಹುಸಿಹಕ್ಕಿಗಳಿಗೇ ಮೀಸಲಾದ ಗ್ರಂಥವನ್ನು ಹೊರತಂದದ್ದು ೧೯೮೧ರಲ್ಲಿ.

ಸಂಶೋಧನೆಯ ದೃಷ್ಟಿಯಿಂದ ನೋಡಿದರೆ ಕಾರ್ಖಾನೆಯ ಬಾತಿಗೆ ಒಂದು ವಿಶೇಷ ಅನುಕೂಲವುಂಟು. ಹಳ್ಳಿಯ ಕೆತ್ತನೆಗಾರನು ಲೆಕ್ಕ ಬರೆದಿಡಲಿಲ್ಲ. ಕಾರ್ಖಾನೆ ಬರೆಯಿತು, ಅಚ್ಚುಹಾಕಿಸಿತು. ಅದರ ಬೆಲೆಪಟ್ಟಿ, ಬೇಟೆಯ ಪತ್ರಿಕೆಗಳಲ್ಲಿನ ಜಾಹಿರಾತು, ಅಂಚೆಯ ಮೂಲಕ ಸಾಮಾನು ಕಳುಹಿಸುವ ಅಂಗಡಿಗಳ ಸಚಿತ್ರ ಪಟ್ಟಿ, ಸರಕಾರದ ಕಚೇರಿಯಲ್ಲಿನ ಹಕ್ಕುಪತ್ರ ಇವೆಲ್ಲ ಶೋಧಕನಿಗೆ ಆಧಾರ. ಒಂದು ಮರದ ಬಾತು ನಮ್ಮ ಮೇಜಿನ ಮೇಲಿದೆಯೆಂದು ಭಾವಿಸೋಣ. ಮೊದಲು ಅದನ್ನು ಬೋರಲು ಮಾಡಿ ತಳವನ್ನು ನೋಡುತ್ತೇವೆ. ಮೇಸನ್ನಿನ ಕೆಲವು ಉತ್ತಮ ಬಾತುಗಳ ತಳದಲ್ಲಿ ‘ಪ್ರೀಮಿಯರ್’ ಎಂಬ ಮುದ್ರೆಯಿರುತ್ತದೆ. ನ್ಯೂಯಾರ್ಕ್ ಸಂಸ್ಥಾನದ ವೀಡ್ಸ್‌ಪೋರ್ಟಿನ ಸ್ಟೀವನ್ಸ್, ವಿಸ್ಕಾನ್ಸಿನ್ ಸಂಸ್ಥಾನದ ಲೇಡಿಸ್ಮಿತ್ತಿನ ಇವಾನ್ಸ್ ಇವರು ತಮ್ಮ ಹೆಸರನ್ನೇ ಒತ್ತುತ್ತಿದ್ದರು. ಮುದ್ರೆ ಇದ್ದಮಾತ್ರಕ್ಕೆ ನಂಬಬಾರದು, ಇಲ್ಲದಮಾತ್ರಕ್ಕೆ ತಳ್ಳಿಬಿಡಬಾರದು. ಹೆಚ್ಚಿನವಕ್ಕೆ ಮುದ್ರೆಯೇ ಇಲ್ಲ.

ಆಮೇಲೆ ಕೊಕ್ಕು. ಮೂಗಿನ ಹೊಳ್ಳೆಯನ್ನು ಕೊರೆದ ಬಗೆ, ಕೊಕ್ಕು ಕೆನ್ನೆಯನ್ನು ಸೇರುವ ಗೆರೆ, ಇವು ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ಬಗೆ. ಡೆಟ್ರಾಯಿಟಿನ ಮೂರು ಕಾರ್ಖಾನೆಗಳ ಮಾಲು ಒಂದನ್ನೊಂದು ಹೋಲುವುದರಿಂದ ಇಲ್ಲಿ ಎಚ್ಚರ ಬೇಕು. ಕಣ್ಣು ಯಾವ ದರ್ಜೆಯದು? ಮೈ ಪೊಳ್ಳೋ ಗಟ್ಟಿಯೋ? ತೂಕವೇ ಇದನ್ನು ಹೇಳುತ್ತದೆ. ಸಂದೇಹವಿದ್ದರೆ ಕ್ಷಕಿರಣ ಹಾಯಿಸಿ ಒಳಗಿನ ಮೊಳೆಯನ್ನೂ ಜೋಡಣೆಯನ್ನೂ ನೋಡಬಹುದು. ಕತ್ತಿನ ಪುಟ್ಟಿ ಉದುರಿದ್ದರೆ ಅದು ದೋಷವಲ್ಲ, ವಯಸ್ಸಿನ ಲಕ್ಷಣ. ಕಾಯಿಸಿದ ಕಬ್ಬಿಣದಿಂದ ಒತ್ತಿದ ಎರಡಕ್ಷರಗಳಿದ್ದರೆ ಅದು ಯಾವನೋ ಒಡೆಯನ ಹೆಸರಿನ ಮೊದಲಕ್ಷರ. ಅದರಿಂದ ಈ ಬಾತು ಯಾವ ಸರೋವರದಲ್ಲಿ ತೇಲಿತೆಂದು ಕೆಲವು ವೇಳೆ ತಿಳಿಯುತ್ತದೆ. ಬೆನ್ನಿನಲ್ಲಿ ಹುದುಗಿದ ಸೀಸದ ಕಾಳು, ಹುರಿ ಕಟ್ಟಿ ಸವೆದ ತಾವು, ಎಲ್ಲವೂ ಓದಲು ಬಲ್ಲವನಿಗೆ ಬರಹವೇ.

ಕಟ್ಟಕಡೆಗೆ ಬಣ್ಣ. ಎಲ್ಲಕ್ಕಿಂತ ಕಷ್ಟವಾದ ಪರೀಕ್ಷೆ ಇದು. ಮರದ ಬಾತನ್ನು ಬೇಟೆಗಾರನು ಬಿಸಿಲುನೀರಿಗೆ ಮಾಸಿದಂತೆಲ್ಲ ಮತ್ತೆ ಬಳಿಯುತ್ತಿದ್ದನು. ಆ ಬಳಿತವೂ ಅದರ ಚರಿತ್ರೆಯ ಭಾಗ. ಅದು ಬೇರೆ, ಕಾರ್ಖಾನೆಯ ಮೂಲಬಣ್ಣ ಎಂದು ತೋರಿಸಿ ಹೆಚ್ಚು ಬೆಲೆಗೆ ಮಾರಲು ನಿನ್ನೆ ಮೊನ್ನೆ ಬಳಿದದ್ದು ಬೇರೆ. ನೇರಳಾತೀತ ಕಿರಣದ ಕೆಳಗೆ ಹಿಡಿದರೆ ಹಳೆಯ ಬಣ್ಣವೂ ಹೊಸ ಬಣ್ಣವೂ ಬೇರೆ ಬೇರೆಯಾಗಿ ಮಿನುಗುವುದುಂಟು. ಭೂತಗನ್ನಡಿಯಲ್ಲಿ ನೋಡಿದರೆ ಹೊಸ ಬಣ್ಣವು ಹಳೆಯ ಬಿರುಕಿನೊಳಕ್ಕೆ ಇಳಿದಿರುವುದು ಕಾಣುತ್ತದೆ. ಹಣದ ಆಶೆ ಸಣ್ಣದಲ್ಲ. ೨೦೦೭ರಲ್ಲಿ ಎಲ್ಮರ್ ಕ್ರೊವೆಲ್ ಎಂಬ ಮಹಾಶಿಲ್ಪಿಯು ಕೈಯಿಂದ ಕೆತ್ತಿದ ಎರಡು ಹುಸಿಹಕ್ಕಿಗಳು ತಲಾ ೧೧ ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾದವು. ಕಾರ್ಖಾನೆಯ ಬಾತು ಆ ಎತ್ತರಕ್ಕೆ ಏರದಿದ್ದರೂ, ಮೂಲಬಣ್ಣವುಳಿದ ಒಳ್ಳೆಯ ಮೇಸನ್ ಬಾತಿಗೂ ಬಳಿದುಕೊಂಡ ಬಾತಿಗೂ ಬೆಲೆಯಲ್ಲಿ ಅಜಗಜಾಂತರ.

ಇಲ್ಲಿ ಒಂದು ವಿಚಿತ್ರವನ್ನು ನಾವು ಗಮನಿಸಬೇಕು. ಹಕ್ಕಿಯನ್ನು ವಂಚಿಸಲೆಂದು ಹುಟ್ಟಿದ ಈ ವಸ್ತು ಈಗ ತನ್ನನ್ನು ಹುಡುಕಿಕೊಂಡು ಬಂದ ಮನುಷ್ಯನನ್ನು ವಂಚಿಸಬಲ್ಲುದು. ಆಕಾಶದಿಂದ ಇಳಿದ ಬಾತು ತಾನು ನೋಡಬೇಕೆಂದು ಬಯಸಿದ್ದನ್ನೇ ನೀರಿನಲ್ಲಿ ಕಂಡಿತು; ಆತುರದ ಸಂಗ್ರಾಹಕನೂ ಅಷ್ಟೆ. ಆದುದರಿಂದ ಈ ವಿದ್ಯೆಯಲ್ಲಿ ಪ್ರಾಮಾಣಿಕರು ಒಂದು ನಿಯಮವನ್ನು ಪಾಲಿಸುತ್ತಾರೆ. ಮುರಿದ ಕೊಕ್ಕನ್ನು ಸರಿಪಡಿಸಿದರೆ ಹಾಗೆಂದು ಬರೆದಿಡುತ್ತಾರೆ. ಎಲ್ಲಿ ಬಣ್ಣ ಸೇರಿಸಿದೆಯೋ ಅದನ್ನು ಹೇಳುತ್ತಾರೆ. ಎಲ್ಲಿ ದೊರೆಯಿತು, ಯಾರ ಮನೆಯದು ಎಂಬುದನ್ನು ವಸ್ತುವಿನೊಡನೆಯೇ ಇಡುತ್ತಾರೆ. ಅಂದಕ್ಕಾಗಿ ಉಜ್ಜಿ ತೊಳೆದು ಹೊಳಪಿಟ್ಟ ಬಾತು ಬೀರುವಿನಲ್ಲಿ ಚೆನ್ನಾಗಿ ಕಾಣಬಹುದು. ಸಾಕ್ಷಿಯಾಗಿ ಅದು ಮೂಕವಾಗುತ್ತದೆ. ಹಳೆಯ ಶಾಸನದ ಕಲ್ಲಿಗೆ ಸುಣ್ಣ ಬಳಿದು ಅಕ್ಷರವನ್ನು ಮುಚ್ಚಿದವರನ್ನು ನಾವು ಕಂಡಿಲ್ಲವೆ?

ಸಾಕ್ಷಿ ಯಾವುದಕ್ಕೆ ಎಂದು ಕೇಳಬಹುದು. ಯಾವ ಜಾತಿಯ ಹಕ್ಕಿ ಎಷ್ಟು ಮಾರಾಟಕ್ಕೆ ಬೇಕಾಗಿತ್ತು, ಯಾವುದು ಬೆಲೆಪಟ್ಟಿಯಿಂದ ಮರೆಯಾಯಿತು ಎಂಬುದನ್ನು ನೋಡಿದರೆ ಒಂದು ಖಂಡದ ಆಕಾಶವು ಬರಿದಾದ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಮೇಸನ್ ಮೊದಲಾದವರ ಪಟ್ಟಿಗಳಲ್ಲಿ ಸೂಜಿಬಾಲದ ಬಾತೂ ಒಂದು. ಅದೇ ಜಾತಿಯ ಹಕ್ಕಿಗಳು ಏಷ್ಯಾದ ಉತ್ತರದಿಂದ ಪ್ರತಿ ಚಳಿಗಾಲದಲ್ಲೂ ನಮ್ಮ ನಾಡಿನ ಕೆರೆಗಳಿಗೂ ಬರುತ್ತವೆ. ಡೆಟ್ರಾಯಿಟಿನ ಅನಾಮಿಕ ಕುಂಚಗಾರನು ಮರದ ಮೇಲೆ ಬರೆದ ಆ ಬಿಳಿಯ ಕತ್ತಿನ ಗೆರೆಯನ್ನು ನಮ್ಮ ಕೆರೆಯ ಏರಿಯ ಮೇಲೆ ನಿಂತು ಜೀವಂತವಾಗಿ ನೋಡುವ ಭಾಗ್ಯ ನಮಗೆ ಇನ್ನೂ ಇದೆ.

ಈ ಕಥೆಗೆ ಒಂದು ಉಪಸಂಹಾರವಿದೆ. ಅಮೆರಿಕದ ಮೇನ್ ಸಂಸ್ಥಾನದ ಕಡಲಿನಲ್ಲಿ ಈಸ್ಟರ್ನ್ ಎಗ್ ರಾಕ್ ಎಂಬ ಸಣ್ಣ ಬಂಡೆದ್ವೀಪವುಂಟು. ಅಲ್ಲಿ ಗೂಡುಮಾಡುತ್ತಿದ್ದ ಪಫಿನ್ ಎಂಬ ಬಣ್ಣದ ಕೊಕ್ಕಿನ ಕಡಲಹಕ್ಕಿಗಳನ್ನು ಹತ್ತೊಂಬತ್ತನೆಯ ಶತಮಾನದ ಬೇಟೆಗಾರರು ನಿಶ್ಶೇಷಗೊಳಿಸಿದ್ದರು. ಸ್ಟೀಫನ್ ಕ್ರೆಸ್ ಎಂಬ ಪಕ್ಷಿಶಾಸ್ತ್ರಜ್ಞನು ೧೯೭೩ರಿಂದ ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಮರಿಗಳನ್ನು ತಂದು ಅಲ್ಲಿ ಸಾಕಿ ಬಿಟ್ಟನು. ಅವು ಕಡಲಿಗೆ ಹಾರಿದವು. ಮರಳಿ ಬರುವುವೋ ಇಲ್ಲವೋ ತಿಳಿಯದು. ತನ್ನವರಿಲ್ಲದ ಬಂಡೆಗೆ ಹಕ್ಕಿ ಏಕೆ ಇಳಿಯಬೇಕು? ೧೯೭೭ರಲ್ಲಿ ಅವನು ಮರದ ಹುಸಿಪಫಿನ್ನುಗಳನ್ನು ಆ ಬಂಡೆಗಳ ಮೇಲೆ ನಿಲ್ಲಿಸಿದನು. ಅದೇ ವರ್ಷ ನಿಜವಾದ ಪಫಿನ್ನುಗಳು ಬಂದು ಅವುಗಳ ಪಕ್ಕದಲ್ಲಿ ಇಳಿದವು. ೧೯೮೧ರಲ್ಲಿ ಅಲ್ಲಿ ಮತ್ತೆ ಗೂಡುಗಳಾದವು. ಈ ಉಪಾಯವನ್ನು ಆಮೇಲೆ ಲೋಕದ ಬೇರೆ ಬೇರೆ ಕಡೆಗಳಲ್ಲಿ ಕಡಲಹಕ್ಕಿಗಳ ರಕ್ಷಣೆಗೆ ಬಳಸಿದ್ದಾರೆ.

ಅದೇ ಮರ, ಅದೇ ಬಣ್ಣ, ಹಕ್ಕಿಯ ಅದೇ ನಂಬಿಕೆ. ಒಮ್ಮೆ ಆ ನಂಬಿಕೆಯ ತುದಿಯಲ್ಲಿ ಕೋವಿಯಿತ್ತು, ಇಲ್ಲಿ ಗೂಡಿತ್ತು. ಬೀರುವಿನಲ್ಲಿ ಕುಳಿತ ಹಳೆಯ ಮರದ ಬಾತನ್ನು ನೋಡುವಾಗ ನಾವು ಈ ಎರಡನ್ನೂ ನೆನೆಯುವುದಾದರೆ, ಅದನ್ನು ಕೂಡಿಟ್ಟವನ ಶ್ರಮವೂ ಅದರ ಬಣ್ಣವನ್ನು ಕೆಡಿಸದೆ ಬಿಟ್ಟವನ ಸಂಯಮವೂ ಸಾರ್ಥಕವೆಂದು ನಮ್ಮ ನಂಬಿಕೆ.